ತಮ್ಮ ಸೋಬರ್ ಆದ ಮೇಲೆ

ಜಯನಗರದ ಸೀರೆ ಅಂಗಡಿಯಲ್ಲಿ ಕೂತು "ಸೋಬರ್ ಆಗಿರೋದು ತೋರಿಸಿ" ಎಂದರೆ ಸಾಕು, ಬೂದಿ, ಬಿಸ್ಕತ್ತು, ಪಾಚಿ ಬಣ್ಣಗಳು ಒಂದರ ಮೇಲೊಂದು ಬಿಚ್ಚಿಕೊಳ್ಳುತ್ತವೆ, ನಿಮಗೂ ಗೊತ್ತಿದ್ದದ್ದೇ. ಕಾನ್ವೆಂಟಿನ ಸಿಸ್ಟರ್ ನನ್ನ ನಡತೆಯ ಪತ್ರದಲ್ಲಿ ಅದೇ ಪದವನ್ನು ಬರೆದಿದ್ದರು, ಬಾಯಿಬಿಡದ ಹುಡುಗಿ ಎಂಬ ಅರ್ಥದಲ್ಲಿ. ಹೀಗಾಗಿ ಹನ್ನೊಂದು ತಿಂಗಳ ಹಿಂದೆ ತಮ್ಮ ಗಿರೀಶ ಕುಡಿತ ಬಿಟ್ಟು "ಅಕ್ಕ, ನಾನೀಗ ಸೋಬರ್" ಎಂದಾಗ, ಮಾತಿಗೆ ಮೊದಲು ಕೀಟಲೆ ಮಾಡುವ ಆ ಮನುಷ್ಯನಿಗೂ ಆ ಮಂಕು ಬಣ್ಣಗಳಿಗೂ ಎಲ್ಲಿಯ ನಂಟೆಂದು ತಬ್ಬಿಬ್ಬಾದೆ.

ನಿಘಂಟು ತೆಗೆದೆ. ಲ್ಯಾಟಿನ್ ಮೂಲದಲ್ಲಿ 'ಅಮಲು ಇಲ್ಲದ' ಎಂದಷ್ಟೇ ಅರ್ಥವಂತೆ. ನಮ್ಮ 'ನಿರೋಗಿ' ಎಂಬ ಪದದೊಳಗೆ ರೋಗ ಕುಳಿತಂತೆ ಆ ಪದದೊಳಗೂ ಅಮಲು ತೆಪ್ಪಗೆ ಕುಳಿತಿದೆ. ಕನ್ನಡದಲ್ಲಿ ಸಂಯಮವೆನ್ನೋಣವೆಂದರೆ ಅದು ಋಷಿಗಳದ್ದು. ಎಚ್ಚರವೆನ್ನೋಣವೆಂದರೆ ನಿದ್ದೆ ಬಾರದವರಿಗೂ ಅದು ಇದೆ. ಇಲ್ಲದಿರುವುದೊಂದನ್ನು ಕಾಣುವುದಾದರೂ ಹೇಗೆ? ಕಾಣಲಾರದೆ ನಾನು ಮೂಸುತ್ತಿದ್ದೆ. ಅವನು ಬಂದಾಗಲೆಲ್ಲ ಕಾಫಿ ಕೊಡುವ ನೆಪದಲ್ಲಿ ಅವನ ಮುಖದ ಹತ್ತಿರ ಬಗ್ಗುತ್ತಿದ್ದೆ.

ಮುಂದಿನ ತಿಂಗಳು ಮಗಳ ಮದುವೆ. ನಮ್ಮಲ್ಲಿ ವಧುವನ್ನು ಮಂಟಪಕ್ಕೆ ಎತ್ತಿ ತರುವವನು ಸೋದರಮಾವ. "ಬೀಳಿಸಿದ್ರೆ ಏನ್ ಗತಿ? ನಿಮ್ಮ ಚಿಕ್ಕಪ್ಪನ ಮಗನಿಗೇ ಹೇಳು" ಎಂದು ಯಜಮಾನರು ಗೊಣಗುತ್ತಲೇ ಇದ್ದರು.

ಮೊನ್ನೆ ಗಿರೀಶ ಪುಟ್ಟೇನಹಳ್ಳಿಯಿಂದ ಬಂದ. ಲೋಟ ಹಿಡಿದು ಬಗ್ಗಿದೆ.

"ಊದ್ಲಾ ಅಕ್ಕ? ನಿನಗಿಂತ ಟ್ರಾಫಿಕ್ ಪೊಲೀಸ್ನೋರೇ ವಾಸಿ, ಕಾಫಿ ಕೊಡಲ್ಲ ಅಷ್ಟೇ."

ನಾಚಿಕೆಯಿಂದ ಲೋಟ ಕೈಯಲ್ಲೇ ಉಳಿಯಿತು. ಇನ್ನು ನೆಪವೇಕೆಂದು ಕೇಳಿಯೇಬಿಟ್ಟೆ: "ಪುಟ್ಟೀನ ಮಂಟಪಕ್ಕೆ ಎತ್ಕೊಂಡ್ ಬರ್ತೀಯಾ? ಅವತ್ತು ಕುಡಿಯಲ್ಲ ತಾನೆ?"

ಥಟ್ಟನೆ ಹೂಂ ಎಂದುಬಿಡುತ್ತಾನೆ ಎಂದುಕೊಂಡೆ. ಕುಡಿಯುತ್ತಿದ್ದ ಕಾಲದಲ್ಲಿ, ನಾಳೆಯಿಂದ ಬಿಡ್ತೀಯಾ ಎಂದರೆ ಅವನು ಹೂಂ ಎನ್ನದ ದಿನವೇ ಇರಲಿಲ್ಲ, ಬಿಟ್ಟ ದಿನವೂ ಇರಲಿಲ್ಲ. ಅವನು ನನ್ನ ಕೈಯಿಂದ ಲೋಟ ತೆಗೆದುಕೊಂಡ.

"ಇವತ್ತು ಕುಡಿದಿಲ್ಲ. ಅವತ್ತಿಂದು ಇವತ್ತೇ ಹೆಂಗೆ ಹೇಳ್ಲಿ? ಮದುವೆ ದಿನ ಬೆಳಗ್ಗೆ ಬಂದು ನಿನ್ ಮುಂದೆ ನಿಂತ್ಕೋತೀನಿ. ಬೇಡ ಅನ್ಸಿದ್ರೆ ಬೇಡ ಅನ್ನು, ಬೇಜಾರ್ ಮಾಡ್ಕೊಳಲ್ಲ."

ಇದು ಭರವಸೆಯೋ ಎಚ್ಚರಿಕೆಯೋ, ನನಗಿನ್ನೂ ಬಗೆಹರಿದಿಲ್ಲ. ಅವನು ಹೋದ ಮೇಲೆ ಯಜಮಾನರಿಗೆ, ಚಿಕ್ಕಪ್ಪನ ಮಗನಿಗೆ ಹೇಳುವುದು ಬೇಡ, ಗಿರೀಶನೇ ಎತ್ತಿ ತರಲಿ ಎಂದೆ.

"ಯಾಕೆ, ಗ್ಯಾರಂಟಿ ಕೊಟ್ನಾ?"

"ಇಲ್ಲ" ಎಂದೆ. "ಅದಕ್ಕೇ."