ಬಜೆ ತೇಯ್ದ ಬೆರಳು

ನಮ್ಮ ಸುಜಾತ ಪಾಸಾದಳು! ಮೈಸೂರಿನಲ್ಲಿ ಓದಿ, ಮಾತು ಬಾರದವರಿಗೆ, ತೊದಲುವವರಿಗೆ, ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಮಾತು ಕಲಿಸುವ ಎಂ.ಎಸ್ಸಿ. ಮುಗಿಸಿಯೇಬಿಟ್ಟಳು ನನ್ನ ಮೊಮ್ಮಗಳು. ಆವತ್ತು ಮಧ್ಯಾಹ್ನ ಬೆಂಗಳೂರಿನ ರೈಲಿಳಿದು, ಹಿಂದೂಪುರದ ಬಿಸಿಲಿನಲ್ಲಿ ನಡೆದೇ ಬಂದು, ಚಪ್ಪಲಿ ಬಿಡುವುದಕ್ಕೂ ಮುಂಚೆ ಪಾಸಾದ ಕಾಗದವನ್ನು ನನ್ನ ಮಡಿಲಿಗೆ ಹಾಕಿದಳು. ಅದು ಇಂಗ್ಲಿಷಿನಲ್ಲಿತ್ತು, ನನ್ನದು ಕನ್ನಡ ಶಾಲೆಯ ನಾಲ್ಕನೇ ಕ್ಲಾಸು. ಓದಲು ಬಾರದಿದ್ದರೇನು, ಕಣ್ಣಿಗೊತ್ತಿಕೊಳ್ಳಲು ಬರುತ್ತದಲ್ಲ. ಒತ್ತಿಕೊಂಡೆ, ಸಕ್ಕರೆ ಡಬ್ಬಿ ತರಲು ಅಡುಗೆಮನೆಗೆ ಓಡಿದೆ. ಡಬ್ಬಿಯ ಹಿಂದೆ ಕೈಯಾಡಿಸಿದಾಗ, ಬಿಸಾಡಲೂ ಆಗದೆ ಬಳಸಲೂ ಆಗದೆ ಮೂವತ್ತು ವರ್ಷದಿಂದ ಅಲ್ಲೇ ಬಿದ್ದಿದ್ದ ಬಜೆ ಬೇರಿನ ತುಂಡು ಬೆರಳಿಗೆ ತಗುಲಿತು.

ಬಜೆಯನ್ನು ನೀವು ಬಲ್ಲಿರಿ. ಗಂಟುಗಂಟಾದ, ಘಾಟು ವಾಸನೆಯ ಬೇರು. ಕಲ್ಲಿನ ಮೇಲೆ ಎದೆಹಾಲಿನಲ್ಲೋ ಜೇನಿನಲ್ಲೋ ತೇಯ್ದು ಕೂಸಿನ ನಾಲಿಗೆಗೆ ಸವರಿದರೆ ಮಾತು ಬೇಗ ಬರುತ್ತದೆ, ಸ್ಪಷ್ಟವಾಗಿ ಬರುತ್ತದೆ ಎಂದು ನಮ್ಮ ಅಮ್ಮಂದಿರು ಹೇಳಿಕೊಟ್ಟದ್ದು. ನನ್ನ ತವರು ಕಲ್ಯಾಣದುರ್ಗದ ಕಡೆ; ಅಲ್ಲಿ ಅದಕ್ಕೆ ತೆಲುಗಿನಲ್ಲಿ ವಸ ಎನ್ನುತ್ತಾರೆ, ವಾಚಾಳಿ ಮಕ್ಕಳನ್ನು ಕಂಡರೆ ‘ಇವಳಿಗೆ ವಸ ಜಾಸ್ತಿ ಆಗೈತೆ’ ಎಂದು ನಗುತ್ತಾರೆ. ನನ್ನ ಹಿರಿಯ ಮಗ ನಾಗರಾಜನಿಗೆ ನಾನು ನಾಲ್ಕು ಸಲ ತೇಯ್ದಿರಬೇಕು, ಅಷ್ಟೇ. ಅವನು ವರ್ಷ ತುಂಬುವುದರೊಳಗೆ ‘ಅಮ್ಮ’ ಎಂದ. ಎರಡನೆಯವನು ಮಲ್ಲೇಶಿ ಎರಡು ವರ್ಷವಾದರೂ ಏನೂ ಅನ್ನಲಿಲ್ಲ.

ಆಗ ಶುರುವಾಯಿತು ನನ್ನ ತೇಯುವ ಕೆಲಸ. ಕಲ್ಯಾಣದುರ್ಗದ ಸಂತೆಯಿಂದ ನನ್ನ ತಾಯಿ ಬಜೆ ಕಳಿಸುತ್ತಿದ್ದಳು, ನಾನು ದಿನಾ ಬೆಳಗ್ಗೆ ಮುಖ ತೊಳೆದ ಕೂಡಲೇ ತೇಯುತ್ತಿದ್ದೆ, ಕೂಸನ್ನು ಕಾಲಿನ ಮೇಲೆ ಅಡ್ಡ ಮಲಗಿಸಿಕೊಂಡು ಬಾಯಿ ಬಿಡಿಸಿ ತೋರುಬೆರಳಿನಿಂದ ನಾಲಿಗೆಯ ಉದ್ದಕ್ಕೂ ಉಜ್ಜುತ್ತಿದ್ದೆ. ಅವನು ಮುಖ ಕಿವುಚಿ ಕೂಗುತ್ತಿದ್ದ. ಆ ಕೂಗೇ ನಮ್ಮನ್ನು ದಾರಿ ತಪ್ಪಿಸಿದ್ದು: ಗಂಟಲಿದೆ, ಧ್ವನಿಯಿದೆ, ಹಾಗಾದರೆ ತಪ್ಪೆಲ್ಲ ನಾಲಿಗೆಯದೇ ಎಂದು ತೀರ್ಮಾನಿಸಿದೆವು. ಒನಕೆ ಬಿದ್ದರೆ ತಿರುಗಿ ನೋಡುತ್ತಿದ್ದ. ನೆಲ ಅದುರಿದ್ದಕ್ಕೆ ತಿರುಗಿದನೆಂದು ನಮಗೆ ಯಾರು ಹೇಳಬೇಕು? ಗಿಣಿ ಕಚ್ಚಿದ ಸೀಬೆಹಣ್ಣು ತಿನ್ನಿಸಿದರೆ ಗಿಣಿಯ ಹಾಗೆ ಮಾತಾಡುತ್ತಾನೆಂದು ಯಾರೋ ಅಂದರು, ತೋಟತೋಟ ಅಲೆದು ಅಂಥ ಹಣ್ಣು ಆರಿಸಿ ತಂದೆ. ನಾಲಿಗೆಯ ಕೆಳಗಿನ ದಾರ ಬಿಗಿಯಾಗಿದೆ, ಅದನ್ನು ಕತ್ತರಿಸಬೇಕೆಂದು ಇನ್ನಾರೋ ಅಂದರು. ಕಲ್ಯಾಣದುರ್ಗದಿಂದ ಆಚೆಗೊಂದು ಹಳ್ಳಿಯಲ್ಲಿ ಅದನ್ನು ಮಾಡುವ ಮುದುಕನೊಬ್ಬನಿದ್ದ, ಬಸ್ಸಿನಲ್ಲಿ ಹೋದೆವು. ನಾಲ್ಕು ವರ್ಷದ ಮಗನ ತಲೆಯನ್ನು ನನ್ನ ಎರಡು ಮೊಣಕಾಲುಗಳ ನಡುವೆ ಅಮುಕಿ ಹಿಡಿದವಳು ನಾನೇ. ರಕ್ತ ನನ್ನ ಸೆರಗಿಗೆ ಬಿತ್ತು. ಅವನ ಕಣ್ಣು ಮುದುಕನ ಕೈಯ ಮೇಲಾಗಲಿ ಕತ್ತಿಯ ಮೇಲಾಗಲಿ ಇರಲಿಲ್ಲ. ನನ್ನನ್ನೇ ನೋಡುತ್ತಿದ್ದ.

ಸೀರೆಯ ಕಲೆ ಮೂರು ಒಗೆತಕ್ಕೆ ಹೋಯಿತು.

ಮಲ್ಲೇಶಿ ಬೆಳೆದ. ಶಾಲೆ ಅವನನ್ನು ಇಟ್ಟುಕೊಳ್ಳಲಿಲ್ಲ. ಕರೆಂಟು ಮಗ್ಗದ ಶೆಡ್ಡು ಇಟ್ಟುಕೊಂಡಿತು. ಆ ಶೆಡ್ಡಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಊರಿನಲ್ಲಿ ನನ್ನ ಮಗ ಯಾರಿಗೂ ಕಡಿಮೆಯಲ್ಲದ ಜಾಗವೆಂದರೆ ಅದೊಂದೇ. ನಮಗೆಲ್ಲ ಅವನೇ ಒಂದೊಂದು ಹೆಸರಿಟ್ಟ. ಅಣ್ಣನೆಂದರೆ ಮೀಸೆ ತೀಡುವುದು. ಸುಜಾತಳೆಂದರೆ ಎರಡು ಭುಜವನ್ನೂ ಮುಟ್ಟಿ ತೋರಿಸುವುದು, ಎರಡು ಜಡೆ. ಅವಳೀಗ ಒಂದೇ ಜಡೆ ಹಾಕುತ್ತಾಳೆ, ಹೆಸರು ಮಾತ್ರ ಹಾಗೇ ಉಳಿದಿದೆ. ನಾನೆಂದರೆ, ತೋರುಬೆರಳನ್ನು ನಾಲಿಗೆಯ ಮೇಲೆ ಉಜ್ಜಿ ಮುಖ ಕಿವುಚುವುದು. ನನ್ನ ಮಗ ನನ್ನನ್ನು ಕರೆಯುವುದು ಹಾಗೆ. ಹಬ್ಬಕ್ಕೆ ಬಂದ ನೆಂಟರು ನೋಡಿ ನಕ್ಕರೆ ನಾನೂ ನಗುತ್ತಿದ್ದೆ.

ಆ ಚಿಕ್ಕಪ್ಪನ ಸೈಕಲ್ಲಿನ ಮೇಲೆ ಬೆಳೆದ ಹುಡುಗಿ, ನಾಗರಾಜನ ಮಗಳು ಸುಜಾತ. ಡಿಗ್ರಿಯನ್ನೂ ಮೈಸೂರಿನಲ್ಲೇ ಅದೇ ವಿದ್ಯೆಯಲ್ಲಿ ಮಾಡಿದಳು, ಸಾಲದೆಂದು ಎಂ.ಎಸ್ಸಿ.ಗೂ ಅರ್ಜಿ ಹಾಕಿದಳು. ಆಂಧ್ರದ ವಿಳಾಸ, ಮನೆಮಾತು ಕನ್ನಡ; ಆ ಆಫೀಸಿನವರು ಈ ಕಾಗದ ತಾ ಎಂದರು, ಈ ಆಫೀಸಿನವರು ಆ ಕಾಗದ ತಾ ಎಂದರು. ಏಕೆ ಈ ಓದು ಬೇಕೆಂದು ಅರ್ಜಿಯಲ್ಲಿ ಬರೆಯಬೇಕಿತ್ತಂತೆ. ಪಡಸಾಲೆಯಲ್ಲಿ ಕೂತು ಒಂದು ಪುಟ ತನ್ನ ಚಿಕ್ಕಪ್ಪನ ವಿಚಾರವನ್ನೇ ಬರೆದಳು. ಫೋಟೋ ಅಂಟಿಸಲು ಅನ್ನದಗುಳು ಕೊಟ್ಟವಳು ನಾನು. ಲಕೋಟೆಯನ್ನು ಪೋಸ್ಟಾಫೀಸಿಗೆ ಒಯ್ದವನು ಮಲ್ಲೇಶಿ. ಅದರೊಳಗಿದ್ದದ್ದು ತಾನೇ ಎಂದು ಅವನಿಗೆ ಗೊತ್ತಿರಲಿಲ್ಲ.

ಓದಿನ ನಡುವೆ ಒಮ್ಮೆ ಚಿಕ್ಕಪ್ಪನನ್ನು ಮೈಸೂರಿಗೆ ಕರೆದೊಯ್ದು, ಕಿವಿಗೆ ಯಂತ್ರ ತೊಡಿಸಿ, ಪರೀಕ್ಷೆ ಮಾಡಿಸಿ ತಂದಳು. ಕಾಗದದ ಮೇಲೊಂದು ಗೆರೆ; ಮೇಲಿರಬೇಕಾದದ್ದು ಹಾಳೆಯ ತಳಕ್ಕೆ ಬಿದ್ದಿತ್ತು.

‘ಕಿವಿ ಕಣಜ್ಜಿ,’ ಎಂದಳು. ‘ನಾಲಗೆಗೇನೂ ಆಗಿರ್ಲಿಲ್ಲ. ಹುಟ್ಟಿದಾಗಿಂದ್ಲೂ ಕೇಳಿಸ್ತಿರ್ಲಿಲ್ಲ ಚಿಕ್ಕಪ್ಪಂಗೆ. ಕೇಳ್ದೇ ಇರೋ ಮಾತು ಬಾಯಿಗೆ ಎಲ್ಲಿಂದ ಬತ್ತದೆ?’

ಕೇಳಬಾರದೆಂದುಕೊಂಡದ್ದನ್ನು ಕೇಳಿಬಿಟ್ಟೆ: ‘ಆವಾಗ್ಲೇ ಗೊತ್ತಾಗಿದ್ರೆ ಮಾತಾಡ್ತಿದ್ನೇನೇ?’

ಸುಳ್ಳು ಹೇಳಬಹುದಿತ್ತು, ಅವಳು ಹೇಳಲಿಲ್ಲ. ‘ಎರಡು ವರ್ಷದ ಮಗು ಇದ್ದಾಗ ಮಿಷನ್ ಹಾಕಿ ಕಲಿಸಿದ್ರೆ ಒಂದಷ್ಟು ಬತ್ತಿತ್ತೇನೋ. ಈಗ ಆಗಲ್ಲಜ್ಜಿ. ನಮ್ಮ ಮೇಡಮ್ಮೂ ಅದನ್ನೇ ಅಂದ್ರು. ಆ ಕಾಲ್ದಾಗೆ ಈ ಕಡೆ ಯಾರಿಗೂ ಗೊತ್ತಿರ್ಲಿಲ್ಲ, ನೀನೇನ್ ಮಾಡ್ತಿದ್ದೆ ಹೇಳು?’

ನಾನೇನು ಮಾಡುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು, ತೇಯುತ್ತಿದ್ದೆ. ಬಾಗಿಲು ಒಂದಿತ್ತು, ನಾನು ಗೋಡೆಯನ್ನು ಉಜ್ಜುತ್ತ ಕೂತೆ. ಗೊತ್ತಿಲ್ಲದೆ ಮಾಡಿದ್ದು ತಪ್ಪಲ್ಲವೆಂದು ನೀವೂ ಸಮಾಧಾನ ಹೇಳುವಿರಿ, ನಿಮ್ಮ ಬಾಯಿ ತಣ್ಣಗಿರಲಿ; ಆದರೆ ಹಾಗೆ ಹೇಳುವಾಗ ಮಾತಿಗೆ ಬಹಳ ಸುಲಭದ ಕೆಲಸ ಕೊಡುತ್ತೀರಿ. ಅವನಿಗೆ ಏನೆಂದು ಹೇಳಲಿ? ಯಾವ ಸನ್ನೆಯಿಂದ ಹೇಳಲಿ? ಕ್ಷಮಿಸು ಎನ್ನುವುದಕ್ಕೆ ನಮ್ಮಿಬ್ಬರ ನಡುವೆ ಒಂದು ಗುರುತೂ ಇಲ್ಲ. ನಲವತ್ತು ವರ್ಷ ಒಂದೇ ಒಲೆಯ ಅನ್ನ ಉಂಡ ತಾಯಿಮಗನ ನಡುವೆ ಬಾ, ಉಣ್ಣು, ಮಲಗು, ಸಾಕು ಎಂಬಷ್ಟೇ ಭಾಷೆ. ಅವನಿಗೇನು ಕನಸು ಬೀಳುತ್ತದೋ ನನಗೆ ಗೊತ್ತಿಲ್ಲ. ತಂದೆ ಸತ್ತಾಗ ಏನಾಯಿತೆಂದು ಅವನು ಹೇಗೆ ತಿಳಿದುಕೊಂಡನೋ ಅದೂ ಗೊತ್ತಿಲ್ಲ. ಜನ ಬಂದರು, ಎತ್ತಿಕೊಂಡು ಹೋದರು, ಅವನು ಹಿಂದೆ ನಡೆದ.

ಅಂಥ ನಾನು ಆವತ್ತು ಸಕ್ಕರೆ ಡಬ್ಬಿ ಹಿಡಿದು ಬೀದಿಯೆಲ್ಲ ಸುತ್ತಿದೆ. ಎದುರುಮನೆಯ ಲಕ್ಷ್ಮಕ್ಕ ಬಾಯಿಗೆ ಸಕ್ಕರೆ ಹಾಕಿಕೊಂಡು, ‘ಮಾತು ಕಲ್ಸಕ್ಕೂ ಕಾಲೇಜೈತೇನಕ್ಕಾ? ಮಾತು ನಿಲ್ಸೋ ಕಾಲೇಜಿದ್ರೆ ಹೇಳು, ನಾಳೇನೇ ನನ್ ಸೊಸೇನ ಸೇರಿಸ್ಬುಡ್ತೀನಿ’ ಎಂದಳು. ‘ಮೊದ್ಲು ನೀನು ಸೇರ್ಕೊ ಕಣೇ, ಫಸ್ಟ್ ಕ್ಲಾಸು ನಿಂದೇ’ ಎಂದು ಅವಳನ್ನು ನಗಿಸಿ ಬಂದೆ. ಹೂವಿನವಳಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ದಾರಿಯಲ್ಲಿ ಹೋಗುತ್ತಿದ್ದ ಗುರುತಿಲ್ಲದ ಹೆಂಗಸೊಬ್ಬಳಿಗೂ ಹೇಳಿದೆ. ಸೊಸೆ ಪದ್ಮಾ ಬೇಳೆ ಬೇಯಿಸಿ ಒಬ್ಬಟ್ಟಿಗೆ ಕೂತಳು.

ಸಂಜೆ ಆರಕ್ಕೆ ಮಲ್ಲೇಶಿ ಶೆಡ್ಡಿನಿಂದ ಬಂದ. ನಮ್ಮೆಲ್ಲರ ಬಾಯಿಗಳನ್ನು ಒಂದೊಂದಾಗಿ ನೋಡಿದ. ಒಬ್ಬಟ್ಟಿನ ತಟ್ಟೆ ಕಂಡಿತು. ಹಬ್ಬವೆಂದುಕೊಂಡು ಬಚ್ಚಲಿಗೆ ಹೋಗಿ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು, ಯಾವಾಗಲೂ ಕೂರುವ ಗೋಡೆಯ ಮೂಲೆಯಲ್ಲಿ ಕೂತ. ಆ ವಿಭೂತಿ ಕಂಡಾಗ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇಡೀ ಊರಿಗೆ ಸಾರಿದ್ದೆ. ಇವನಿಗೆ ಹೇಳಿರಲಿಲ್ಲ. ಇವತ್ತೊಂದೇ ಅಲ್ಲ, ಯಾವ ದಿನವೂ ಹೇಳಿರಲಿಲ್ಲ. ಇಷ್ಟು ವರ್ಷ ನಾವು ಮಾತಾಡುತ್ತ ಉಂಡಿದ್ದೆವು, ಅವನು ತಟ್ಟೆ ನೋಡುತ್ತ ಉಂಡಿದ್ದ.

ಸುಜಾತ ಎದ್ದಳು. ಅವನ ತಟ್ಟೆಯನ್ನು ತಂದು ನಡುವೆ, ದೀಪದ ಬುಡಕ್ಕೆ ಇಟ್ಟು, ಕೈಹಿಡಿದು ಅವನನ್ನು ಅಲ್ಲಿ ಕೂರಿಸಿ ಎದುರಿಗೆ ತಾನು ಕೂತಳು. ಅವನು ಒಬ್ಬಟ್ಟು ಮುರಿದು ಒಂದು ತುತ್ತು ತಿಂದ ಮೇಲೆ ಎರಡು ಭುಜ ಮುಟ್ಟಿಕೊಂಡಳು. ಅಂಗೈ ಮೇಲೆ ಬರೆದು ತೋರಿಸಿದಳು. ಆಮೇಲೆ, ಮಗ್ಗದ ಮೇಲೆ ಬಟ್ಟೆ ಮುಗಿದಾಗ ಅವನು ತೋರಿಸುತ್ತಿದ್ದ ಹಾಗೆಯೇ, ಎರಡು ಬೆರಳಿನಲ್ಲಿ ಕತ್ತರಿಸಿ, ಮಡಿಸಿ, ಎತ್ತಿ ಅವನ ಕೈಗಿಟ್ಟಳು.

ಅವನು ಇಲ್ಲದ ಬಟ್ಟೆಯನ್ನು ಹಿಡಿದುಕೊಂಡೇ ಅವಳನ್ನು ನೋಡಿದ. ಅರ್ಥವಾಯಿತು. ಕಣ್ಣು ಅರಳಿತು. ಮರುಕ್ಷಣ ಏನೋ ಗಾಬರಿಯಾದವನಂತೆ, ತೋರುಬೆರಳನ್ನು ನಾಲಿಗೆಯ ಮೇಲೆ ಉಜ್ಜಿ, ನನ್ನ ಕಡೆ ಕಣ್ಣು ಹೊರಳಿಸಿ, ಅಂಗೈ ತಿರುವಿ ಅವಳನ್ನು ಕೇಳಿದ: ಅಮ್ಮನಿಗೆ ಗೊತ್ತೋ?

‘ಗೊತ್ತಿಲ್ದೇ ಏನು, ಬೀದಿಗೆಲ್ಲಾ—’ ಎಂದು ಬಾಯಿ ತೆಗೆದ ನಾಗರಾಜನನ್ನು ಪದ್ಮಾ ಮೊಣಕೈಯಿಂದ ತಿವಿದಳು. ನಾನು ಸೌಟು ಕೆಳಗಿಟ್ಟು, ಮಗನ ಎದುರು ಕೂತು ತಲೆಯಾಡಿಸಿದೆ. ಇಲ್ಲಪ್ಪ, ನನಗೆ ಯಾರೂ ಹೇಳಲಿಲ್ಲ.

ಅವನು ಹೇಳಿದ. ಎಂಜಲುಗೈಯಲ್ಲೇ, ಅವಸರವಿಲ್ಲದೆ, ಒಂದನ್ನೂ ಬಿಡದೆ ಹೇಳಿದ. ಎರಡು ಜಡೆಯ ಹುಡುಗಿ, ಬರೆದಳು, ಬರೆದಳು, ಬರೆದಳು, ಮುಗಿಯಿತು, ಕತ್ತರಿಸಿದಳು, ಮಡಿಸಿದಳು. ಹೇಳಿ, ತಿಳಿಯಿತೇ ಎಂದು ನನ್ನ ಹೆಸರು ಹಿಡಿದು ಕರೆದ. ನಾಲಿಗೆಗೆ ಹೋದ ಆ ಬೆರಳಿಗೆ ಹೂರಣ ಮೆತ್ತಿತ್ತು. ಮುಖ ಕಿವುಚಿದನೋ ಇಲ್ಲವೋ, ನನ್ನ ಕಣ್ಣು ತುಂಬಿ ಬಂದು ಕಾಣಲಿಲ್ಲ. ತಿಳಿಯಿತೆಂದು ತಲೆದೂಗಿದೆ. ಪದ್ಮಾ ಎಲ್ಲರ ತಟ್ಟೆಗೂ ಇನ್ನೊಂದೊಂದು ಒಬ್ಬಟ್ಟು ಹಾಕಿದಳು. ಐವರೂ ದೀಪದ ಕೆಳಗೆ, ಮುಖ ಎತ್ತಿಕೊಂಡು ಉಂಡೆವು.