ಟೈಲರಕ್ಕ ಹಿಡಿದ ಕೈ

ಟೈಲರಕ್ಕನ ಬಾಯಿ ಜೋರು, ಅದನ್ನು ಸಹಿಸಿಕೊಳ್ಳುವುದು ಕಷ್ಟ. ಅವಳ ಬೆರಳಿನ ವಿಷಯದಲ್ಲಿ ಮಾತ್ರ ಬೀದಿಯಲ್ಲಿ ಯಾರದೂ ತಕರಾರಿರಲಿಲ್ಲ. ತೊಟ್ಟು ಬಿಟ್ಟ ಬಟ್ಟೆ ಮುಟ್ಟಿದರೆ ಸಾಕು, ತೊಟ್ಟವರ, ಅದನ್ನು ಹಿಡಿದವರ ಸಂಗತಿ ಅವಳಿಗೆ ತಿಳಿದುಬಿಡುತ್ತಿತ್ತು. ಸೊಂಟ ಸಡಿಲಿಸಲು ಬಂದ ಲಂಗ ಹಿಡಿದೇ, ಗಂಡನಿಗಿನ್ನೂ ಹೇಳಿಲ್ಲವೇನೇ ಎಂದು ಬಸುರಿಯನ್ನು ನಾಚಿಸಿದ್ದಳು. ಟೈಲರಕ್ಕನ ಗಂಡ ಬದುಕಿದ್ದಷ್ಟು ದಿನ ಹೆದರಿಕೊಂಡೇ ಅಂಗಿ ಬಿಚ್ಚಿಡುತ್ತಿದ್ದ. ಪಾಪ, ಮುಚ್ಚಿಡುವಂಥದ್ದು ಆ ಮನುಷ್ಯನ ಹತ್ತಿರ ಏನೂ ಇರಲಿಲ್ಲ.

ಊರಿನಲ್ಲಿ ಒಬ್ಬರ ಹಿಂದೊಬ್ಬರಂತೆ ಮೂವರು ಹೆಂಗಸರು ಕೊಲೆಯಾದರು. ಮೂವರೂ ಕೆಲಸ ಮುಗಿಸಿ ಮನೆಗೆ ಹೊರಟವರು, ಮೂವರದೂ ಕತ್ತು ಹಿಸುಕಲಾಗಿತ್ತು. ದಿಕ್ಕು ತೋಚದ ಇನ್‌ಸ್ಪೆಕ್ಟರು ಅವರ ಬಟ್ಟೆಗಳನ್ನು ತಂದು ಟೈಲರಕ್ಕನ ಮೇಜಿನ ಮೇಲೆ ಹರವಿದರು. ಅವಳು ಒಂದೊಂದನ್ನೇ ಸವರಿದಳು. ಮೂರರಲ್ಲೂ ಒಂದೇ ಕೈ: ಅಗಲವಾದದ್ದು, ಬೆರಳತುದಿ ಸುಟ್ಟದ್ದು. ಹಾಗೆಂದೇ ಹೇಳಿದಳು. ಸಂಜೆಯೊಳಗೆ ಬೀದಿ ಮೂಲೆಯ ಇಸ್ತ್ರಿಯವನು ಲಾಕಪ್ಪಿನಲ್ಲಿದ್ದ. ಜನ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಸುಳ್ಳೇಕೆ, ಅವಳಿಗೂ ಹಿತವಾಗಿಯೇ ಇತ್ತು.

ಮರುದಿನ ಇಸ್ತ್ರಿಯವನ ಹೆಂಡತಿ ಬಂದಳು. ಬೈಯಲಿಲ್ಲ, ಅಳಲಿಲ್ಲ. ಗಾಡಿಯಲ್ಲಿ ಉಳಿದಿದ್ದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದಳು. ಪಕ್ಕದ ಮನೆಗೆ ಬೀಗ ಬಿದ್ದಿದೆ, ಅವರ ಅಂಗಿ ನಿಮ್ಮಲ್ಲಿರಲಿ ಎಂದು ಕೊಟ್ಟುಹೋದಳು. ಅಂಗಿ ಮುಟ್ಟಿದ ಟೈಲರಕ್ಕ ಅದನ್ನು ಮತ್ತೊಮ್ಮೆ ಸವರಿ ನೋಡಿದಳು. ಅದರಲ್ಲೂ ಅದೇ ಕೈ.

ಅಳತೆ ಸರಿಮಾಡಿಸಲು ಬರುವ ಬಟ್ಟೆಯನ್ನು ಯಾರೂ ಇಸ್ತ್ರಿ ಹಾಕಿ ತರುವುದಿಲ್ಲ. ಹೀಗಾಗಿ ಬಿಸಿಯಲ್ಲಿ ಒತ್ತಿದ ಕೈ ಎಷ್ಟು ಆಳಕ್ಕಿಳಿಯುತ್ತದೆ, ಅದರ ಮುಂದೆ ಉಳಿದವರದೆಲ್ಲ ಹೇಗೆ ಮಂಕಾಗುತ್ತದೆ ಎಂಬುದು ಇಷ್ಟು ವರ್ಷ ಅವಳಿಗೇ ಗೊತ್ತಾಗಿರಲಿಲ್ಲ. ನಿರಪರಾಧಿಯನ್ನು ಒಳಗೆ ಹಾಕಿಸಿದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದಳು. ಕೂತು ಅಳುವ ಜಾತಿ ಅವಳದಲ್ಲ. ಮಿಷನ್ನಿಗೆ ಮುಸುಕು ಹಾಕಿ ನೇರ ಠಾಣೆಗೆ ನಡೆದಳು.

ಇನ್‌ಸ್ಪೆಕ್ಟರು ಸಿಡಿಮಿಡಿಗೊಂಡರು. ನಿನ್ನೆ ಹೌದು ಅಂದವಳು ಇವತ್ತು ಅಲ್ಲ ಅಂದರೆ ತಾವು ಯಾರಿಗೆ ಮುಖ ತೋರಿಸಬೇಕು ಎಂದರು. ಟೈಲರಕ್ಕ ಅವರ ಗರಿಗರಿ ತೋಳನ್ನು ಮುಟ್ಟಿ ನೋಡಿದಳು.

“ಇಲ್ಲೂ ಅದೇ ಕೈ ಇದೆ ಸಾರ್. ನಿಮ್ಮನ್ನೂ ಕೊಂದಿದಾನಾ?”

ಅವರು ತೋಳು ಹಿಂದಕ್ಕೆಳೆದುಕೊಂಡರು. “ಅವನನ್ನ ಬಿಟ್ಟ ಮೇಲೆ ಇನ್ನೊಂದು ಹೆಣ ಬಿದ್ರೆ?”

“ಅವನನ್ನ ಹಿಡ್ಕೊಂಡು ಕೂತ್ರೇನೇ ಬೀಳೋದು.”

ಇಸ್ತ್ರಿಯವನನ್ನು ಹೊರಗೆ ತಂದರು. ತುಟಿ ಒಡೆದಿತ್ತು. ತಪ್ಪು ತನ್ನದೇ ಎಂದು ಅವಳು ಎಲ್ಲರೆದುರೇ ಹೇಳಿದಳು, ಕ್ಷಮೆ ಕೇಳಿದಳು. ಅವನು ಠಾಣೆಯ ಮೇಜಿನ ಮೇಲಿದ್ದ, ಸತ್ತ ಹೆಂಗಸರ ಬಟ್ಟೆಗಳನ್ನು ನೋಡುತ್ತ ನಿಂತ. ಆ ಮೂವರೂ ಅವನ ಗಾಡಿಗೆ ಬರುತ್ತಿದ್ದವರು. ಆಮೇಲೆ ತನ್ನ ಬಲಗೈ ಮುಂದೆ ಚಾಚಿದ.

“ಇದನ್ನ ಚೆನ್ನಾಗಿ ಗುರುತು ಮಾಡ್ಕೊಳ್ಳಿ ಅಕ್ಕ. ಇದನ್ನ ಕಳೆದು ಬಟ್ಟೇಲಿ ಏನು ಉಳಿಯುತ್ತೋ, ಅದು ಆ ಪಾಪಿದು.”

ಟೈಲರಕ್ಕನ ಕಣ್ಣು ತುಂಬಿತು. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಅದರ ಒಂದೊಂದು ಬೊಕ್ಕೆಯೂ ಮನಸ್ಸಿಗೆ ಹತ್ತುವವರೆಗೆ ಬಿಡಲಿಲ್ಲ. ಮತ್ತೆ ಬಟ್ಟೆಗಳ ಮುಂದೆ ಕೂತಳು. ಬಹಳ ಹೊತ್ತಾದ ಮೇಲೆ ಮೂರರ ಕತ್ತಿನ ಅಂಚಿನಲ್ಲೂ ಇನ್ನೊಂದು ಕೈ ತಾಕಿತು: ಸಪೂರ, ತಣ್ಣಗೆ, ಕಿರುಬೆರಳಿಲ್ಲದ್ದು.

ಅವಳು ಹಾಗೆಂದದ್ದೇ, ಆ ಕೈಯವನನ್ನು ಹುಡುಕಲು ಇನ್‌ಸ್ಪೆಕ್ಟರು ಟೋಪಿ ಎತ್ತಿಕೊಂಡು ಎದ್ದರು. ಅವಳು ಅಡ್ಡ ನಿಂತಳು.

“ನಾನೂ ಬರ್ತೀನಿ. ಈ ಸಲ ನಾನು ಅವನ ಕೈ ಮುಟ್ಟಿ ನೋಡೋವರೆಗೂ ಯಾರಿಗೂ ಬೇಡಿ ಹಾಕೋ ಹಾಗಿಲ್ಲ.”