ಸೊನಾಟಾದ ಕವಲು

ನನ್ನ ಮೊಮ್ಮಗಳು ಪಿಯಾನೋ ಬಾರಿಸುತ್ತಾಳೆ. ಈ ಮಾತನ್ನು ನಾನು ದಾಂಡೇಲಿಯ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಎಷ್ಟು ಮಂದಿಗೆ ಹೇಳಿದ್ದೇನೆಂದರೆ, ಈಗ ನನ್ನನ್ನು ಕಂಡ ಕೂಡಲೇ ಕೆಲವರು ರಸ್ತೆಯ ಆ ಕಡೆಗೆ ದಾಟುತ್ತಾರೆ. ದಾಟಲಿ ಬಿಡ್ರಿ. ನಾನು ಕಲಿತದ್ದು ಮೂರನೇ ಇಯತ್ತೆ. ವಯಸ್ಸಿನಲ್ಲಿ ಅಣಶಿ ಕಡೆಯ ಕಾಡಿನಿಂದ ಕೋಣ ಹೂಡಿ ಮರದ ದಿಮ್ಮಿ ಎಳೆಸಿದವ, ಆಮೇಲೆ ಡಿಪೋದಲ್ಲಿ ಅದೇ ದಿಮ್ಮಿ ಹೊರಳಿಸಿದವ. ಅಂಥವನ ಮೊಮ್ಮಗಳು ಎರಡೂ ಕೈಲೆ ಸೊನಾಟಾ ಬಾರಿಸುತ್ತಾಳೆ ಅಂದರೆ ಬಾಯಿ ಮುಚ್ಚಿಕೊಂಡು ಹೆಂಗ ಇರಲಿ? ಆದರೆ ಈ ಸಂತೋಷಕ್ಕೆ ಮೊದಲು ಒಂದು ವಾರ ನನ್ನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಆ ವಾರದ ಕತೆ ಹೇಳುತ್ತೇನೆ.

ಇಸವಿ ಹತ್ತೊಂಬತ್ತುನೂರಾ ಎಂಬತ್ತರ ಆಚೀಚೆಯ ವರ್ಷಗಳು. ಮಗಳು ಅಳಿಯ ಮುಂಡಗೋಡದ ಕಡೆ ಚಿಗಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದರು. ಅವರ ಮಗಳು, ಹನ್ನೊಂದು ವರ್ಷದಾಕೆ, ಸಾಲಿಗೆಂದು ದಾಂಡೇಲಿಯಲ್ಲಿ ನಮ್ಮ ಹತ್ತಿರ ಇದ್ದಳು. ನಮ್ಮ ಓಣಿಯ ತುದಿಯಲ್ಲಿ ಗೋವೆಯ ಕಡೆಯ ಒಬ್ಬ ಹೆಣ್ಣುಮಗಳು ಇದ್ದರು, ನಾವೆಲ್ಲ ಬಾಯಾರು ಅನ್ನುತ್ತಿದ್ದೆವು. ವಯಸ್ಸಾದವರು, ಗಂಡ ಇಲ್ಲ, ಮನೆಯ ಅರ್ಧ ಕೋಣೆ ತುಂಬ ಒಂದು ಪಿಯಾನೋ. ನಮ್ಮಾಕಿ, ಅಂದರೆ ನನ್ನ ಹೆಂಡತಿ, ಅವರ ಮನೆಗೆ ಕೆಲಸಕ್ಕೆ ಹೋಗುವಾಗ ಹುಡುಗಿಯೂ ಸೆರಗು ಹಿಡಿದು ಹೋಗುತ್ತಿದ್ದಳು. ಬಾಯಾರು ಹಾಗೇ ಸುಮ್ಮನೆ ಕಲಿಸಲು ಹಿಡಿದರು. ಹಿಡಿದವರು ಎರಡು ವರ್ಷ ಬಿಡಲಿಲ್ಲ.

ನಮ್ಮ ಮನೆಗೆ ಪಿಯಾನೋ ಎಲ್ಲಿಂದ ಬರಬೇಕು? ಒಂದು ಸಾಗವಾನಿ ಹಲಗೆಗೆ ನಾನೇ ಬಿಳಿ ಮನೆ, ಕರಿ ಮನೆ ಬರೆದುಕೊಟ್ಟಿದ್ದೆ. ಹುಡುಗಿ ಅದರ ಮೇಲೆ ಬೆರಳಾಡಿಸುತ್ತ ಬಾಯಲ್ಲಿ ಹಾಡುತ್ತಿದ್ದಳು. ನಾನು ಕೆಲಸದಿಂದ ಬಂದು ಕೈಕಾಲು ತೊಳೆದು ಕೂತೆನೆಂದರೆ ನನ್ನದು ಒಂದೇ ಮಾತು: "ಆ ಸುರೂದ್ದು ಬಾರಿಸವಾ." ಬಾಯಾರು ಕಲಿಸಿದ ಉದ್ದನೆಯ ಹಾಡಿನಲ್ಲಿ ಆ ಸುರುವಿನ ಭಾಗ ನನಗೆ ಅಷ್ಟು ಹಿಡಿಸಿತ್ತು. ಆಕೆ ಅಷ್ಟೇ ಬಾರಿಸಿ ನಿಲ್ಲಿಸುವಳು, ನನಗೆ ಹೊಟ್ಟೆ ತುಂಬುವುದು, ಊಟಕ್ಕೆ ಏಳುವೆವು.

ಆ ವರ್ಷ ಬೇಸಿಗೆ ಸೂಟಿಗೂ ಹುಡುಗಿ ಊರಿಗೆ ಹೋಗಲಿಲ್ಲ, ಪಿಯಾನೋ ತಪ್ಪುತ್ತದೆಂದು. ಮೇ ತಿಂಗಳು ಮುಗಿಯುತ್ತ ಬಂದಾಗ ಅಳಿಯನೇ ಬಂದ. ಚಹಾ ಕುಡಿದು ಕಪ್ಪು ಕೆಳಗಿಟ್ಟು ಹೇಳಿದ:

"ಮಾವಾರ, ಹುಡುಗಿನ್ನ ಕರ್ಕೊಂಡು ಹೋಗಾಕ ಬಂದೇನಿ. ಮುಂಡಗೋಡದಾಗೂ ಸಾಲಿ ಐತಿ."

"ಯಾಕ್ರಿ ಅಳಿಯಾರ, ಇಲ್ಲೇನು ಕಡಿಮಿ ಆಗೈತಿ?"

"ಕಡಿಮಿ ಅಲ್ರಿ, ಹೆಚ್ಚಾಗೈತಿ. ಸಿದ್ದಿ ಹುಡುಗಿ ದೊಡ್ಡ ಮಂದಿ ಪೇಟಿ ಮುಂದ ಕೂತಾಳಂತ, ಹಳಿಯಾಳ ಸಂತ್ಯಾಗ ನನ್ನ ಕೇಳ್ತಾರ. ಕೇಳಿ ನಗ್ತಾರ. ನಮಗ ದಮಾಮ್ ಸಾಲದಾತೇನು?"

ದಮಾಮ್ ಕಾಡಿನಂಚಿನ ನಮ್ಮ ಸಿದ್ದಿ ಮಂದಿ ಹಬ್ಬದಲ್ಲಿ ಬಡಿಯುವ ಡೋಲು. ಅಳಿಯ ಅದನ್ನು ಹಿಡಿದು ಕೂತರೆ ಮುದುಕಿಯರೂ ಎದ್ದು ಕುಣಿಯುತ್ತಿದ್ದರು. ಅವನ ದನಿ ಗಡುಸಾಗಿತ್ತು, ಆದರೆ ನನಗೆ ಅವನ ಅಂಜಿಕೆ ತಿಳಿಯಿತು. ನಗುವವರ ನಡುವೆ ಮಗಳನ್ನು ಬಿಡಲು ಯಾವ ತಂದೆಗೆ ಮನಸ್ಸಾದೀತು? ನಾನು ಕೈಮುಗಿದು, "ಒಮ್ಮೆ ಕೇಳ್ರಿ. ಕೇಳಿ ಆಮ್ಯಾಲ ನಿಮ್ಮ ಮನಸಿಗೆ ಬಂದಂಗ ಮಾಡ್ರಿ" ಅಂದೆ.

ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಾಯಾರ ಮನೆಗೆ ಹೋದೆವು. ಬಾಯಾರು ಅಳಿಯನಿಗೆ ಕುರ್ಚಿ ಹಾಕಿ, ಮೊದಲು ತಿಳಿಸಿ ಹೇಳಿದರು: "ಇದರಲ್ಲಿ ಎರಡು ಹಾಡು ಇರ್ತಾವೆ. ಮೊದಲನೇದು ತನ್ನ ಮನೆಯಲ್ಲಿ ಸುರು ಆಗ್ತದೆ. ಅಲ್ಲಿಂದ ಸಣ್ಣ ದಾರಿ ಹಿಡಿದು ಬೇರೆ ಊರಿಗೆ ಹೋದರೆ ಎರಡನೇದು ಸಿಗ್ತದೆ. ಆಮೇಲೆ ಕಾಡಿನಲ್ಲಿ ಅಲೆದಾಟ. ಅಲೆದು ಅಲೆದು ಮತ್ತೆ ಮೊದಲಿನ ಮನೆಗೇ ವಾಪಸ್ ಬರೋದು. ಈ ಸಲ ಎರಡನೇ ಹಾಡೂ ಅದೇ ಮನೆಯಲ್ಲಿ ಇರ್ತದೆ, ಬೇರೆ ಊರಿಗೆ ಹೋಗೋದಿಲ್ಲ. ಆವಾಗ ಮುಗಿಯಿತು. ಇದಕ್ಕೆ ಸೊನಾಟಾ ಅಂತಾರೆ."

ಎರಡು ವರ್ಷ ಕೇಳಿದ್ದರೂ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ.

ಹುಡುಗಿ ಸುರು ಮಾಡಿದಳು. ಮೊದಲನೇ ಹಾಡು ಬಂತು, ಎರಡನೆಯದು ಬಂತು, ಕಾಡು ಅಲೆದಳು, ಮನೆಗೆ ವಾಪಸ್ ಬಂದಳು. ಬಂದವಳು ಮತ್ತೆ ಆ ಸಣ್ಣ ದಾರಿ ಹಿಡಿದುಬಿಟ್ಟಳು. ಎರಡನೇ ಹಾಡು ಮತ್ತೆ ಬೇರೆ ಊರಿನಲ್ಲೇ ಸಿಕ್ಕಿತು. ಬೇರೆ ಊರಿನಿಂದ ದಾರಿ ಇರುವುದು ಕಾಡಿಗೆ. ಕಾಡಿನಿಂದ ಮನೆಗೆ, ಮನೆಯಿಂದ ಅದೇ ಸಣ್ಣ ದಾರಿಗೆ. ಬಾಯಾರು ಮಡಿಲಲ್ಲಿ ಮುಷ್ಟಿ ಬಿಗಿಹಿಡಿದು ಕೂತಿದ್ದರು. ಮೂರನೇ ಸುತ್ತಿಗೆ ಹುಡುಗಿ ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡಳು.

ಅಳಿಯ ಎದ್ದು ನಿಂತ. "ಎರಡು ವರ್ಷದಾಗ ಮುಗಿಸೋದೊಂದು ಕಲಿಸಲಿಲ್ಲೇನ್ರಿ?" ಅಂದ. ಮಗಳ ತಲೆಯ ಮೇಲೆ ಕೈಯಿಟ್ಟು, "ಗುರುವಾರ ಹೋಗೂಣು. ಅಷ್ಟರಾಗ ಟ್ರಂಕ್ ಕಟ್ಕೋ" ಅಂದ.

ಅವರಿಬ್ಬರೂ ಹೋದ ಮೇಲೆ ಬಾಯಾರು ನನ್ನನ್ನು ನಿಲ್ಲಿಸಿಕೊಂಡರು. ಪುಸ್ತಕ ತೆಗೆದು ಕೆಂಪು ಪೆನ್ಸಿಲಿನ ಗುರುತು ತೋರಿಸಿದರು. "ಇಲ್ಲಿ ಕವಲು ಐತಿ. ಇಲ್ಲಿವರೆಗೆ ಎರಡೂ ಸಲ ಒಂದೇ ಇರ್ತದೆ. ಮೊದಲ ಸಲ ಹೊರಗೆ ಹೋಗಬೇಕು, ಎರಡನೇ ಸಲ ಮನೆಯಲ್ಲೇ ಉಳಿಯಬೇಕು. ಹುಡುಗಿಗೆ ಗೊತ್ತು, ಆದರೆ ಅವಳ ಕೈ ಕೇಳೋದಿಲ್ಲ. ಹೊರಗಿನ ದಾರಿ ಕೈಗೆ ಭಾಳ ರೂಢಿ ಆಗಿಬಿಟ್ಟಿದೆ. ಮನೆಯಲ್ಲಿ ಏನು ಬಾರಿಸ್ತಾಳೆ?"

ದಿನಾ ಸಂಜೆ ಸುರುವಿನದನ್ನೇ ಬಾರಿಸು ಅಂದವ ನಾನು. ವರ್ಷವಿಡೀ ಆ ಕೈಯನ್ನು ಆ ಹೊರಗಿನ ದಾರಿಯೊಂದರಲ್ಲೇ ನಡೆಸಿದವ ನಾನು. ಬಾಯಾರಿಗೆ ಹೇಳಲು ಧೈರ್ಯವಾಗಲಿಲ್ಲ, ಅಳಿಯನಿಗಂತೂ ಇಲ್ಲವೇ ಇಲ್ಲ. ನಮ್ಮಾಕಿಗೆ ಮಾತ್ರ ಹೇಳಿದೆ. "ಹೊಟ್ಟಿ ತುಂಬ ಕೇಳಿದಿ, ಈಗ ಹೊಟ್ಟಿ ತುಂಬ ಅಳು" ಅಂದಳು.

ಸೋಮವಾರ ಡಿಪೋದಲ್ಲಿ ದಿಮ್ಮಿಗೆ ಕೈ ಹಚ್ಚಿದಾಗ ಕೋಣಗಳ ನೆನಪಾಯಿತು. ದಿನಾ ಒಂದೇ ಕಡೆ ಹೋಗುವ ಕೋಣವನ್ನು ಬೇರೆ ದಾರಿಗೆ ಹಾಕುವ ದಿನ ನಾವು ಕವಲಿನಲ್ಲಿ ಗುರುತು ಮಾಡುತ್ತಿರಲಿಲ್ಲ. ಕವಲಿಗೆ ಬಂದು ಹಗ್ಗ ಎಳೆದರೆ ತಡವಾಗಿ ಹೋಯಿತು. ಹಿಂದೆ ದಿಮ್ಮಿಯ ಭಾರ, ಕೋಣದ ಹೆಗಲು ಹತ್ತು ಹೆಜ್ಜೆ ಮೊದಲೇ ಆ ಕಡೆಗೆ ಬಾಗಿರುತ್ತದೆ. ಅದಕ್ಕೇ ಹತ್ತು ಹೆಜ್ಜೆ ಹಿಂದಿನ ಮರಕ್ಕೆ ಕೊಡಲಿಯ ಕಚ್ಚು ಹಾಕುವುದು. ಕಚ್ಚು ಕಂಡಲ್ಲೇ ಹಗ್ಗ ಹಿಡಿಯುವುದು.

ಅರ್ಧ ದಿನ ರಜೆ ಹಾಕಿ ಬಾಯಾರ ಮನೆಗೆ ಹೋದೆ. "ಹುಡುಗಿ ಬಾರಿಸಲಿ, ನಾ ಕೇಳ್ತೇನಿ" ಅಂದೆ. ಹುಡುಗಿ ಹತ್ತು ಸಲ ಬಾರಿಸಿರಬೇಕು. ಮೊದಲನೇ ಹಾಡು ಮುಗಿಯುವಲ್ಲಿ ಒಂದು ಕಡೆ ಎಡಗೈ ಎದ್ದು ನಿಲ್ಲುತ್ತದೆ, ಬಲಗೈ ಮಾತ್ರ ಎರಡು ಮೆಟ್ಟಿಲು ಇಳಿಯುತ್ತದೆ.

"ಇಲ್ಲಿ!" ಅಂದೆ.

"ಇಲ್ಲಿ ಏನೂ ಇಲ್ಲವಲ್ಲ ಅಜ್ಜ, ಕವಲು ಮುಂದೆ ಐತಿ" ಅಂದರು ಬಾಯಾರು.

"ಅದಕ್ಕ ಇಲ್ಲಿ ಅಂದ್ನಿರಿ."

ಆ ದಿನದಿಂದ ಮೂರು ಸಂಜೆ ಹುಡುಗಿಯ ಕೈ ಹಿಡಿದು ಓಣಿಯಲ್ಲಿ ನಡೆಸಿದೆ. ಆಕೆ ಹಾಡುತ್ತ ಬರಬೇಕು. ಆ ಎರಡು ಮೆಟ್ಟಿಲು ಬಂದಲ್ಲಿ, ಮೊದಲ ಸಲವಾದರೆ ನನ್ನ ಕೈಯನ್ನು ಒಮ್ಮೆ ಅದುಮಿ ಹೊಳೆಯ ಕಡೆ ತಿರುಗಬೇಕು. ಎರಡನೇ ಸಲವಾದರೆ ಎರಡು ಸಲ ಅದುಮಿ ನಮ್ಮ ಬಾಗಿಲಿಗೆ ತಿರುಗಬೇಕು. ಓಣಿಯ ಮಂದಿ ಹೊರಗೆ ಬಂದು ನೋಡಿದರು. "ಕೋಣ ಹೋಗಿ ಎಷ್ಟೋ ವರ್ಷ ಆತು, ಈಗ ಮೊಮ್ಮಗಳನ್ನ ಹೂಡ್ಯಾನ" ಅಂದಳು ನಮ್ಮಾಕಿ. ಅಳಿಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ಒಳಗೆ ಟ್ರಂಕ್ ಕಟ್ಟಿ ಇಟ್ಟಾಗಿತ್ತು.

ಬುಧವಾರ ಸಂಜೆ ಬಾಗಿಲ ಹತ್ತಿರ ಎರಡನೇ ಹಾಡು ಮುಗಿಸಿ ಹುಡುಗಿ ನಿಂತಳು. "ಅಜ್ಜಾ, ಅದ ಹಾಡು. ಆದ್ರ ಹೊಳಿ ಕಡೆ ಹಾಡಿದ್ರ ಮುಂದೇನು, ಮುಂದೇನು ಅನಸ್ತೈತಿ. ಇಲ್ಲಿ ಹಾಡಿದ್ರ ಏನೂ ಅನಸಂಗಿಲ್ಲ. ಸಾಕು ಅನಸ್ತೈತಿ."

ಬಾಯಾರು ಭಾನುವಾರ ಹೇಳಿದ್ದು ನನಗೆ ಅರ್ಥವಾದದ್ದು ಆಗ.

ಗುರುವಾರ ಬೆಳಿಗ್ಗೆ, ಬಸ್ಸಿಗೆ ಮೊದಲು ಒಮ್ಮೆ ಕೇಳ್ರಿ ಎಂದು ಅಳಿಯನನ್ನು ಬಹಳ ಬೇಡಿಕೊಂಡು ಬಾಯಾರ ಮನೆಗೆ ಕರೆತಂದೆ. ಅವನು ಕುರ್ಚಿಯಲ್ಲಿ ಕೂಡಲಿಲ್ಲ, ಬಾಗಿಲಿಗೆ ಒರಗಿ ನಿಂತ. ಹುಡುಗಿ ಸುರು ಮಾಡಿದಳು. ಕಾಡು ದಾಟಿ ಮನೆಗೆ ಬಂದಾಗ ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಆ ಎರಡು ಮೆಟ್ಟಿಲು ಬಂದವು. ಅದುಮಲು ನನ್ನ ಕೈ ಇರಲಿಲ್ಲ. ಆಕೆ ಬಲಗಾಲಿನ ಹೆಬ್ಬೆರಳನ್ನು ನೆಲಕ್ಕೆ ಎರಡು ಸಲ ಒತ್ತಿದ್ದು ನನಗೆ ಕಂಡಿತು. ಕೈ ಹೊರಗಿನ ದಾರಿಗೆ ತಿರುಗಲಿಲ್ಲ. ಎರಡನೇ ಹಾಡು ಮನೆಯಲ್ಲೇ ಎದ್ದಿತು. ಮುಗಿಯಿತು.

"ಮುಗೀತೇನು?" ಅಂದ ಅಳಿಯ.

"ಮುಗೀತು ಅಪ್ಪಾ."

ಅವನು ಬಾಗಿಲು ಬಿಟ್ಟು ಪಿಯಾನೋದ ಹತ್ತಿರ ಬಂದ. "ಬಾಯಾರ, ಆ ಎರಡನೇದು ಮೊದಲ ಸಲ ಪರ ಊರಾಗ ನಿಂತು ಹಾಡಿದಂಗ ಇತ್ತು. ಈಗ ಮನ್ಯಾಗ ಕುಂತು ಹಾಡಿದಂಗ ಆತು. ಹೌದಿಲ್ರಿ?"

ಬಾಯಾರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದಪ್ಪ. ಇಷ್ಟೇ ಇರೋದು" ಅಂದರು.

ನಾನು ಅಳಿಯನನ್ನು ಅಪ್ಪಿಕೊಂಡುಬಿಟ್ಟೆ. "ಬಿಡ್ರಿ ಮಾವಾರ, ಕಿಸೆದಾಗ ಬೀಡಿ ಮುರೀತಾವ" ಅಂದ. ಆಮೇಲೆ ಹುಡುಗಿಯ ಕಡೆ ನೋಡಿ, "ಇಲ್ಲೇ ಇರ್ಲಿ. ನಗೋರಿಗೆ ನಾ ಹೇಳ್ತೇನಿ. ಆದ್ರ ಈಕಿ ಅವ್ವಗ ಹೇಳೋದು ನನ್ನಿಂದ ಆಗಂಗಿಲ್ಲ. ನೀವ ಬರ್ರಿ" ಅಂದ.

ಹೀಗೆ ಹುಡುಗಿಯ ಬದಲಿಗೆ ನಾನು ಅಳಿಯನ ಜೊತೆ ಬಸ್ಸು ಹತ್ತಿದೆ. ಹಳಿಯಾಳದವರೆಗೆ ಆ ಹಾಡನ್ನು ಗುನುಗಿದೆ, ಹಳಿಯಾಳ ಬಿಟ್ಟ ಮೇಲೆ ದನಿ ತೆಗೆದೇ ಹಾಡಿದೆ. "ಅಜ್ಜಾರ, ಹಾಡಿಗೂ ಒಂದು ಟಿಕೀಟ್ ಹರೀಲೇನ್ರಿ?" ಅಂದ ಕಂಡಕ್ಟರ್. ಹರಿ ಅಂದೆ.

ಚಿಗಳ್ಳಿಯಲ್ಲಿ ಮಗಳು ಬಾಗಿಲಿಗೆ ಬಂದು ನಮ್ಮಿಬ್ಬರ ಹಿಂದೆ ನೋಡಿದಳು. ನಾನು ಅಂಗಳದಲ್ಲೇ ಎಲ್ಲ ಹೇಳಿದೆ. ಹಾಡಿ ತೋರಿಸಿದೆ, ಎಲ್ಲಿ ಹೊರಗೆ ತಿರುಗಬೇಕು, ಎಲ್ಲಿ ಮನೆಗೆ ತಿರುಗಬೇಕು ಎಂದು ನಡೆದೂ ತೋರಿಸಿದೆ. ಆಕೆ ಕಂಬ ಹಿಡಿದು ಕೇಳಿದಳು. ಎರಡು ಸಲ ನಕ್ಕಳು ಕೂಡ.

"ಎಲ್ಲಾ ಖರೆ ಅಪ್ಪಾ. ಆಕಿ ಬರ್ತಾಳಂತ ನಾ ಹಾಸಿಗಿ ಬಿಸಲಿಗೆ ಹಾಕಿದ್ದೆ" ಅಂದಳು.

ನನ್ನ ಕಾಲು ಅಲ್ಲೇ ನಿಂತಿತು. "ದಸರಾಕ್ಕ ಕರ್ಕೊಂಡು ಬರ್ತೇನವಾ" ಅಂದೆ.

"ದಸರಾಕ್ಕ" ಅಂದಳು. ಬೇಲಿಯ ಮೇಲಿದ್ದ ಹಾಸಿಗೆಯನ್ನು ಎರಡು ಸಲ ಝಾಡಿಸಿ ಒಳಗೆ ಒಯ್ದು, ಅದನ್ನು ನನಗೇ ಹಾಸಿಕೊಟ್ಟಳು.